ರೇಸಿನ ಭಾನುವಾರ ಕಾರು ಕೈಕೊಟ್ಟರೆ ಏನು ಮಾಡಬೇಕು?

‘ಶನಿವಾರದ ಪ್ರಾಕ್ಟೀಸಿನಲ್ಲಿ ಕಾರು ಚೆನ್ನಾಗಿಯೇ ಇತ್ತು. ಭಾನುವಾರ ಎರಡನೇ ಹೀಟ್‌ನಲ್ಲಿ (ಸ್ಪರ್ಧೆಯ ಎರಡನೇ ಸರದಿಯ ಓಟದಲ್ಲಿ) ಬಿಸಿಯಾಗಿ ನಿಂತಿತು. ಆಗ ಏನು ಮಾಡಬೇಕಿತ್ತು?’ ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಒಬ್ಬರಿಗೆ ಬ್ರೇಕಿನ ತೊಂದರೆ, ಇನ್ನೊಬ್ಬರಿಗೆ ಸ್ಟಾರ್ಟಿಂಗ್ ತೊಂದರೆ, ಮತ್ತೊಬ್ಬರಿಗೆ ಎಲ್ಲ ಸರಿಯಿದ್ದೂ ಪಿಕಪ್ ಇಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸುವುದಕ್ಕಿಂತ ಒಂದೇ ಕಡೆ ಬರೆದಿಡುವುದು ಮೇಲು ಎನಿಸಿತು.

ಸ್ವಿಫ್ಟ್, ಎಸ್ಟೀಮ್, ಪೋಲೊ, ಜಿಪ್ಸಿಯಂಥ ಕಾರನ್ನು ಸ್ವಂತ ದುಡ್ಡಿನಲ್ಲಿ, ಒಬ್ಬಿಬ್ಬರು ಗೆಳೆಯರ ನೆರವಿನಿಂದ ಓಡಿಸುವವರಿಗಾಗಿ ಈ ಲೇಖನ. ನೀವು ಊರ ಹತ್ತಿರದ ಮಣ್ಣಿನ ಮೈದಾನದಲ್ಲಿ ಆಟೋಕ್ರಾಸ್ ಓಡಿಸುತ್ತಿರಬಹುದು. ಗುರುತು ಹಾಕಿದ ಸುತ್ತುದಾರಿಯನ್ನು ಕಡಿಮೆ ಸಮಯದಲ್ಲಿ ಮುಗಿಸಿದವರು ಗೆಲ್ಲುವ ಸ್ಪರ್ಧೆಗೆ ಆಟೋಕ್ರಾಸ್ ಎನ್ನುತ್ತಾರೆ. ಇಲ್ಲವೇ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕಾರು ಒಯ್ಯುತ್ತಿರಬಹುದು. ಎರಡು ಕಡೆಯೂ ತೊಂದರೆಗಳು ಹೆಚ್ಚುಕಡಿಮೆ ಇವೇ.

ಮೊದಲೇ ಒಂದು ಗೆರೆ ಎಳೆದುಬಿಡುತ್ತೇನೆ. ಕಾರು ಓಡದಂತೆ ಮಾಡುವ ತೊಂದರೆಗೆ ತಾತ್ಕಾಲಿಕ ರಿಪೇರಿ ನಡೆಯುತ್ತದೆ. ಕಾರು ನಿಲ್ಲದಂತೆ, ತಿರುಗದಂತೆ ಮಾಡುವ ತೊಂದರೆಗೆ ನಡೆಯುವುದಿಲ್ಲ. ಬ್ರೇಕು, ಸ್ಟೇರಿಂಗ್, ಚಕ್ರ, ಪೆಟ್ರೋಲ್ ಪೈಪು ಈ ನಾಲ್ಕರಲ್ಲಿ ಸರಿಯಾದ ಬಿಡಿಭಾಗ ಸಿಗದಿದ್ದರೆ ಅಂದಿನ ಸ್ಪರ್ಧೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳಿ. ಮುಂದಿನ ಎಲ್ಲ ಹಂತಗಳಿಗೂ ಈ ಗೆರೆಯೇ ಆಧಾರ.

1. ಶುಕ್ರವಾರವೇ ಜೋಡಿಸಿಕೊಳ್ಳಬೇಕಾದದ್ದು

ನಮ್ಮ ಕಡೆ ಭಾನುವಾರ ಬಿಡಿಭಾಗದ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಬೇಕಾದ ಸಾಮಾನು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಸ್ಸಿನ ಪಾರ್ಸೆಲ್‌ನಲ್ಲಿ ಬರುವಷ್ಟರಲ್ಲಿ ಬಹುಮಾನ ಹಂಚಿ ಆಗಿರುತ್ತದೆ. ಆದ್ದರಿಂದ ಇವು ಡಿಕ್ಕಿಯಲ್ಲಿರಲಿ: ರೇಡಿಯೇಟರ್‌ನ ಮೇಲಿನ ಮತ್ತು ಕೆಳಗಿನ ಹೋಸ್ ಪೈಪು, ನಾಲ್ಕಾರು ಹೋಸ್ ಕ್ಲಿಪ್ಪು, ಫ್ಯಾನ್ ಬೆಲ್ಟು, ಒಂದು ಸೆಟ್ ಮುಂದಿನ ಬ್ರೇಕ್ ಪ್ಯಾಡು, ಸೀಲು ಒಡೆಯದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ಒಂದು ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಹೆಚ್ಚು ವೋಲ್ಟಿನ ಕರೆಂಟ್ ಕೊಡುವ ಭಾಗ), ಸ್ಪಾರ್ಕ್ ಪ್ಲಗ್ಗುಗಳು, ಏರ್ ಫಿಲ್ಟರ್ ಎರಡು, ಫ್ಯೂಸುಗಳು, ಒಂದು ರಿಲೇ, ಚಕ್ರದ ನಟ್ಟುಗಳು, ಎಂಜಿನ್ ಆಯಿಲ್, ಹತ್ತು ಲೀಟರ್ ಡಿಸ್ಟಿಲ್ಡ್ ನೀರು. ಸಲಕರಣೆಯಲ್ಲಿ ಪಾನಾ ಸೆಟ್ಟು, ಟಾರ್ಕ್ ರೆಂಚು (ನಟ್ಟನ್ನು ಇಂತಿಷ್ಟೇ ಬಿಗಿ ಮಾಡಲು ಅಳತೆ ತೋರಿಸುವ ಪಾನಾ), ಮಲ್ಟಿಮೀಟರ್, ಎಬಿಸಿ ಪೌಡರಿನ ಅಗ್ನಿಶಾಮಕ ಸಿಲಿಂಡರ್.

ನೀರಿನ ಬಗ್ಗೆ ಒಂದು ಮಾತು. ಮೈದಾನದ ಪಕ್ಕದ ತೋಟದ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸ ಬಿಡಿ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಬೋರಿನ ನೀರು ಬಹಳ ಕಡೆ ಗಡಸು. ಸ್ನಾನದ ಮನೆಯ ನಲ್ಲಿಗೆ ಕಟ್ಟುವ ಬಿಳಿ ಹಕ್ಕಳೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮುಗಿದರೆ ಕುಡಿಯುವ ಫಿಲ್ಟರ್ ನೀರಿನ ಕ್ಯಾನು ಅದಕ್ಕಿಂತ ಎಷ್ಟೋ ವಾಸಿ.

ಜಾಕ್ ಜೊತೆಗೆ ಎರಡು ಜಾಕ್ ಸ್ಟ್ಯಾಂಡು, ಅವುಗಳ ಕೆಳಗೆ ಹಾಕಲು ಒಂದು ಅಡಿ ಚದರದ ದಪ್ಪ ಪ್ಲೈವುಡ್ ತುಂಡುಗಳೂ ಬೇಕು. ರಾಯಚೂರು, ಕೊಪ್ಪಳದ ಎರೆ ನೆಲ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಸ್ವಲ್ಪ ತೇವವಿದ್ದರಂತೂ ಸ್ಟ್ಯಾಂಡಿನ ಕಾಲು ನೋಡನೋಡುತ್ತಿದ್ದಂತೆ ಇಳಿದುಬಿಡುತ್ತದೆ. ಹಾಲೋ ಬ್ಲಾಕು, ಇಟ್ಟಿಗೆ, ಕಡಪ ಕಲ್ಲಿನ ತುಂಡು ಇವನ್ನು ಕಾರಿನ ಕೆಳಗೆ ಕೊಡಲೇಬೇಡಿ. ಭಾರ ಒಂದೇ ಬಿಂದುವಿನ ಮೇಲೆ ಬಿದ್ದಾಗ ಅವು ಸೂಚನೆ ಕೊಡದೆ ಸೀಳುತ್ತವೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವವರನ್ನು ಕಂಡರೆ, ಯಾರೇ ಆಗಿರಲಿ, ಎಳೆದು ಆಚೆ ಕೂರಿಸಿ.

2. ಕಾರು ಪ್ಯಾಡಕ್‌ಗೆ ಬಂದ ಮೊದಲ ಐದು ನಿಮಿಷ

ಪ್ಯಾಡಕ್ ಎಂದರೆ ಸ್ಪರ್ಧಿಗಳು ಕಾರು ನಿಲ್ಲಿಸಿಕೊಂಡು ಕೆಲಸ ಮಾಡುವ ಜಾಗ. ಕಾರು ಬಂದ ಕೂಡಲೇ ನಾಲ್ಕು ಜನ ನಾಲ್ಕು ಕಡೆಯಿಂದ ಪಾನಾ ಹಾಕುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಏನು ಕೆಟ್ಟಿದೆ ಎಂದು ಗೊತ್ತಾಗುವ ಮುನ್ನ ಮೂರು ಒಳ್ಳೆಯ ಭಾಗಗಳನ್ನು ಬಿಚ್ಚಿರುತ್ತಾರೆ, ಜೋಡಿಸುವಾಗ ನಾಲ್ಕನೆಯದನ್ನು ಕೆಡಿಸುತ್ತಾರೆ.

ಮೊದಲು ಓಡಿಸಿದವರು ಮಾತನಾಡಲಿ, ಉಳಿದವರು ಕೇಳಲಿ. ಯಾವ ತಿರುವಿನಲ್ಲಿ ಶುರುವಾಯಿತು? ಒಮ್ಮೆಲೇ ಬಂತೋ, ನಿಧಾನವಾಗಿ ಹೆಚ್ಚಿತೋ? ಯಾವ ದೀಪ ಹತ್ತಿತು? ಏನಾದರೂ ವಾಸನೆ ಬಂತೇ? ಸಿಹಿ ಸಿಹಿಯಾದ ಆವಿಯ ವಾಸನೆ ಬಂದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರುತ್ತಿದೆ. ಸುಟ್ಟ ಕಾಗದದಂಥ ಕಟುವಾಸನೆ ಕ್ಲಚ್ ಪ್ಲೇಟಿನದೋ ಬ್ರೇಕಿನದೋ ಇರಬಹುದು. ಪೆಟ್ರೋಲ್ ವಾಸನೆ ಬಂದರೆ ಪ್ರಶ್ನೆ ಕೇಳುತ್ತ ನಿಲ್ಲಬೇಡಿ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಅಗ್ನಿಶಾಮಕ ಸಿಲಿಂಡರ್ ಕೈಗೆ ತೆಗೆದುಕೊಂಡ ಮೇಲೆಯೇ ಮುಂದಿನ ಮಾತು.

ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಓಡುವಾಗಲೇ ಹತ್ತಿದರೆ ಪ್ಯಾಡಕ್‌ವರೆಗೂ ಬರಬಾರದು. ಅದು ಆಯಿಲ್ ಒತ್ತಡ ಇಲ್ಲ ಎನ್ನುವ ದೀಪ. ದಾರಿಯಿಂದ ಪಕ್ಕಕ್ಕೆ ಸರಿದು ಅಲ್ಲೇ ಎಂಜಿನ್ ಬಂದ್ ಮಾಡಿ, ಕಾರನ್ನು ಎಳೆಸಿಕೊಂಡು ಬನ್ನಿ. ಕಲ್ಲು ಬಡಿದು ಆಯಿಲ್ ಚೇಂಬರ್ ಒಡೆದಿದ್ದರೆ ಒಂದು ನಿಮಿಷದ ಓಟಕ್ಕೆ ಬೇರಿಂಗುಗಳು ಹೋಗುತ್ತವೆ.

ಇನ್ನು ಗಡಿಯಾರ ನೋಡಿ. ಮುಂದಿನ ಹೀಟ್‌ಗೆ ಮುಕ್ಕಾಲು ಗಂಟೆ ಇದ್ದರೆ ಕೆಲಸಕ್ಕೆ ಸಿಗುವುದು ಅರ್ಧ ಗಂಟೆ ಮಾತ್ರ. ಕೊನೆಯ ಹದಿನೈದು ನಿಮಿಷ ಪರೀಕ್ಷೆಗೆ ಮೀಸಲು. ಅಷ್ಟರಲ್ಲಿ ಮುಗಿಯದ ಕೆಲಸವಾದರೆ ಆ ಹೀಟ್ ಬಿಟ್ಟು ಅದರ ಮುಂದಿನದಕ್ಕೆ ಸಿದ್ಧರಾಗಿ. ಕಾರು ‘ಪಾರ್ಕ್ ಫರ್ಮೆ’ಯಲ್ಲಿದ್ದರೆ, ಅಂದರೆ ಅಧಿಕಾರಿಗಳ ಸುಪರ್ದಿಯಲ್ಲಿ ಯಾರೂ ಮುಟ್ಟಬಾರದ ಜಾಗದಲ್ಲಿದ್ದರೆ, ಅವರ ಅನುಮತಿಯಿಲ್ಲದೆ ಬಾನೆಟ್ ಕೂಡ ಎತ್ತಬೇಡಿ.

3. ಬಿಸಿಯಾಗುವುದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ನಮ್ಮ ಸೀಮೆಯಲ್ಲಿ ಕಾರು ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಮೇಲೆ ಅದಿರಿನ ಕೆಂಪು ಧೂಳು ಬೇರೆ. ಬಹಳ ಕಾರುಗಳಲ್ಲಿ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆಯುವುದು 82ರಿಂದ 88 ಡಿಗ್ರಿಯಲ್ಲಿ. ರೇಡಿಯೇಟರಿನ ಸರಿಯಾದ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸೀಳಿದ್ದರೆ ಈ ರಕ್ಷಣೆ ಇಲ್ಲ, 100 ಡಿಗ್ರಿಗೇ ಕುದಿಯುತ್ತದೆ. ಒಂದು ಸಣ್ಣ ಮುಚ್ಚಳದ ಬೆಲೆಗೆ ಎಂಜಿನ್ ಹೆಡ್ಡನ್ನೇ ತೆರುವವರು ಇದ್ದಾರೆ.

ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಏರಲು ಶುರುವಾದಾಗ ಓಡಿಸುವವರು ಮಾಡಬೇಕಾದದ್ದು: ವೇಗ ಇಳಿಸಿ, ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ತಿರುಗಿಸಿ. ಆ ಸೆಕೆಯಲ್ಲಿ ಹೀಟರ್ ಹಾಕುವುದು ಕಷ್ಟವೇ, ಆದರೆ ಅದೂ ಒಂದು ಸಣ್ಣ ರೇಡಿಯೇಟರ್‌ನಂತೆ ಎಂಜಿನ್ನಿನ ಶಾಖವನ್ನು ಹೊರಗೆಳೆಯುತ್ತದೆ. ಏರಿದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಂತೋಷಪಡಬೇಡಿ. ನೀರೆಲ್ಲ ಖಾಲಿಯಾಗಿ ಸೆನ್ಸರ್ ಒಣಗಿ ನಿಂತಿರುವ ಲಕ್ಷಣ ಅದು.

ಪ್ಯಾಡಕ್‌ಗೆ ಬಂದ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಮೇಲಿನ ಹೋಸ್ ಪೈಪನ್ನು ಹಿಸುಕಿದರೆ ಮೆತ್ತಗಿರಬೇಕು, ಕೈ ಹಿಡಿದುಕೊಳ್ಳುವಷ್ಟು ಆರಿರಬೇಕು. ಅದಕ್ಕೂ ಮುಂಚೆ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಕಾದ ಎಂಜಿನ್ನಿಗೆ ಹೊರಗಿನಿಂದ ತಣ್ಣೀರು ಎರಚುವುದೂ ಬೇಡ, ಲೋಹ ಸೀಳಬಹುದು.

ಆರುವಷ್ಟರಲ್ಲಿ ಕಾರಣ ಹುಡುಕಿ, ಈ ಕ್ರಮದಲ್ಲಿ.

ಮೊದಲು ಫ್ಯಾನು. ಇಗ್ನಿಷನ್ ಆನ್ ಮಾಡುವ ಮುನ್ನ ಎಲ್ಲರ ಕೈಯೂ ಬ್ಲೇಡಿನಿಂದ ದೂರವಿರಲಿ. ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿ, ಸರಿಯಿದ್ದರೆ ರಿಲೇ ನೋಡಿ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಕರಿ ಡಬ್ಬಿ. ಬಹಳ ಕಾರುಗಳಲ್ಲಿ ಹಾರ್ನಿನ ರಿಲೇಯೂ ಫ್ಯಾನಿನ ರಿಲೇಯೂ ಒಂದೇ ತರಹದವು. ಮೇಲೆ ಬರೆದ ಸಂಖ್ಯೆ, ಕೆಳಗಿನ ಪಿನ್ನುಗಳು ಎರಡರಲ್ಲೂ ಒಂದೇ ಇದ್ದರೆ ಹಾರ್ನಿನದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಒತ್ತಿ. ಟಕ್ ಎಂದು ಸದ್ದಾಗಿ ಫ್ಯಾನ್ ತಿರುಗಿದರೆ ತೊಂದರೆ ಸಿಕ್ಕಿತು. ಟ್ರ್ಯಾಕಿನಲ್ಲಿ ಹಾರ್ನ್ ಬೇಕಿಲ್ಲ, ಮನೆಗೆ ಹೊರಡುವ ಮುನ್ನ ಬೇಕು. ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ತೆಗೆದ ಬಣ್ಣದ್ದನ್ನೇ ಹಾಕಿ, ಎಲ್ಲಿ ವೈರು ಉಜ್ಜಿ ಬೆತ್ತಲಾಗಿದೆ ಎಂದು ಹುಡುಕಿ.

ಎರಡನೆಯದು ರೇಡಿಯೇಟರಿನ ಜಾಲರಿ. ಟಾರ್ಚ್ ಹಿಡಿದು ಹಿಂದಿನಿಂದ ಬೆಳಕು ಬಿಡಿ. ಮುಂದೆ ಬೆಳಕು ಕಾಣದಿದ್ದರೆ ಗಾಳಿಯೂ ಹಾಯುತ್ತಿಲ್ಲ. ಸಂಡೂರು, ಹೊಸಪೇಟೆ ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಬಂದ ಕಾರಾದರೆ ಸ್ಪರ್ಧೆಗೆ ಮೊದಲೇ ಅರ್ಧ ಮುಚ್ಚಿರುತ್ತದೆ. ಆರಿದ ಮೇಲೆ ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ಜಾಲರಿ ಮಡಚಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ.

ಮೂರನೆಯದು ಸೋರಿಕೆ. ಹೋಸ್ ಕ್ಲಿಪ್ಪಿನ ಸುತ್ತ ಬಿಳಿಯೋ ಹಸಿರೋ ಒಣಗಿದ ಕಲೆ ಇದೆಯೇ ನೋಡಿ. ಹೊಸ ಕ್ಲಿಪ್ಪು ಹಾಕುವಾಗ ಪೈಪಿನ ತುದಿಯ ಉಬ್ಬಿಗಿಂತ ಒಳಗೆ ಕೂರಿಸಿ. ಉಬ್ಬಿನ ಮೇಲೆಯೇ ಬಿಗಿದರೆ ಕೈಯಲ್ಲಿ ಗಟ್ಟಿಯೆನಿಸಿದರೂ ಒತ್ತಡ ಬಂದಾಗ ಜಾರುತ್ತದೆ. ಭಾನುವಾರ ಕಾರಿನ ಅಂಗಡಿ ಮುಚ್ಚಿದ್ದರೂ ಭತ್ತದ ಸೀಮೆಯ ಊರುಗಳಲ್ಲಿ, ಅದರಲ್ಲೂ ಕಟಾವಿನ ಕಾಲದಲ್ಲಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರನ್ನು ವಿಚಾರಿಸಿ ನೋಡಿ. ಕ್ಲಿಪ್ಪು, ಹೋಸ್, ಒಳ್ಳೆಯ ಬೋಲ್ಟು ಅಲ್ಲಿ ಸಿಗುತ್ತವೆ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಕೂದಲೆಳೆಯಷ್ಟು ಸೀಳಿದ್ದರೆ ಒಣಗಿಸಿ, ಉಜ್ಜಿ, ಎಂ-ಸೀಲ್ ಮೆತ್ತಿ ಪೂರ್ತಿ ಗಟ್ಟಿಯಾಗಲು ಬಿಡಬಹುದು. ಅದು ನಿಧಾನವಾಗಿ ಮನೆ ಸೇರಲು ಸಾಕು, ಹೀಟ್‌ಗೆ ಸಾಲದು. ಸೋರಿಕೆಗೆ ಅರಿಶಿನ ಪುಡಿ ಸುರಿಯುವ ಹಳೆಯ ರೂಢಿಯನ್ನು ಹಿರಿಯ ಚಾಲಕರು ಹೇಳಿಕೊಡುತ್ತಾರೆ. ತೂತು ಮುಚ್ಚುವಂತೆಯೇ ಹೀಟರಿನ ಕೊಳವೆಯನ್ನೂ ಅದು ಮುಚ್ಚೀತು, ಹಾಗಾಗಿ ಬೇಡ.

ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕು ಮತ್ತು ಹೆಡ್ಡಿನ ನಡುವಿನ ಸೀಲು. ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಚಹಾದಂಥ ಬಣ್ಣ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಹೋಸ್ ಕಲ್ಲಿನಂತೆ ಬಿಗಿಯುವುದು, ರೇಡಿಯೇಟರಿನಲ್ಲಿ ಎಡೆಬಿಡದ ಗುಳ್ಳೆ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ. ಇವುಗಳಲ್ಲಿ ಎರಡು ಕಂಡರೂ ಸಾಕು, ಸಲಕರಣೆ ಒಳಗಿಡಿ, ಕಾರು ಒಯ್ಯುವ ಲಾರಿಗೆ ಫೋನ್ ಮಾಡಿ.

ನೀರು ತುಂಬಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಆನ್ ಇಟ್ಟು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುವವರೆಗೆ ಕಾಯಿರಿ. ಮುಚ್ಚಳ ಹಾಕಿ, ಫ್ಯಾನ್ ತಾನಾಗಿ ಒಮ್ಮೆ ತಿರುಗಿ ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಟ್ರ್ಯಾಕಿಗೆ ಕಳಿಸಿ.

4. ಬ್ರೇಕ್ ಪೆಡಲ್ ಮೆತ್ತಗಾದರೆ

ನಾಲ್ಕನೇ ಸುತ್ತಿನಲ್ಲಿ ಪೆಡಲ್ ಕೆಳಗಿಳಿಯಿತು, ಹತ್ತು ನಿಮಿಷ ನಿಲ್ಲಿಸಿದಾಗ ಸರಿಹೋಯಿತು, ಇನ್ನು ಓಡಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಇಲ್ಲ. ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ, ನಿಮ್ಮ ಕಾಲಿನ ಬಲವೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಆರಿದಾಗ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾದಂತೆ ಕಾಣುತ್ತದೆ. ಮತ್ತೆ ನಾಲ್ಕು ಸುತ್ತಿಗೆ ಅದೇ ಕಥೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವ ಹೀರಿಕೊಂಡ ಆಯಿಲಿಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಎರಡು ವರ್ಷದಿಂದ ಬದಲಿಸದ ಆಯಿಲಿನಲ್ಲಿ ರೇಸಿಗೆ ಇಳಿಯುವುದೆಂದರೆ ಈ ಅಂತರವನ್ನು ಕೈಯಾರೆ ಕಳೆದುಕೊಂಡಂತೆ.

ಮಾಡಬೇಕಾದದ್ದು ಬ್ಲೀಡಿಂಗ್, ಅಂದರೆ ಹಳೆಯ ಆಯಿಲ್ ಮತ್ತು ಆವಿಯನ್ನು ಹೊರಗೆ ತೆಗೆಯುವುದು. ಬ್ರೇಕು ಆರಿದ ಮೇಲೆ ಚಕ್ರದ ಬಳಿಯ ಬ್ಲೀಡರ್ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ‘ಒತ್ತಿದೆ’ ಎನ್ನಲಿ. ನೀವು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿದು ‘ಬಿಡು’ ಎನ್ನಿ. ನಿಪ್ಪಲ್ ಬಿಗಿಯುವ ಮುನ್ನ ಪೆಡಲ್ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಮೇಲಿನ ಡಬ್ಬಿಯಲ್ಲಿ ಆಯಿಲ್ ತಳ ಮುಟ್ಟದಂತೆ ಮೂರನೆಯವರು ನೋಡಿಕೊಳ್ಳಲಿ. ಯಾವ ಚಕ್ರ ಮೊದಲು ಎಂಬುದು ಕಾರಿನಿಂದ ಕಾರಿಗೆ ಬೇರೆ. ಮ್ಯಾನುಯಲ್‌ನ ಆ ಪುಟದ ಫೋಟೊ ಮೊಬೈಲಿನಲ್ಲಿರಲಿ.

ಬಳ್ಳಾರಿಯ ಜೀನ್ಸ್ ಘಟಕಗಳ ಕಟಿಂಗ್ ತುಂಡುಗಳು ಒರೆಸಲು ಬಹಳ ಚೆನ್ನ. ಆದರೆ ಆಯಿಲ್ ಒರೆಸಿದ ತುಂಡಿನಲ್ಲೇ ಬ್ರೇಕ್ ಡಿಸ್ಕ್ ಒರೆಸಬೇಡಿ, ಬ್ರೇಕಿನ ಬಟ್ಟೆ ಬೇರೆಯೇ ಚೀಲದಲ್ಲಿರಲಿ. ಇನ್ನೊಂದು ಎಚ್ಚರಿಕೆ: ಬಿಸಿ ಬ್ರೇಕಿನ ಕಾರು ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಮರದ ತುಂಡು ಕೊಡಿ.

5. ಸ್ಟಾರ್ಟ್ ಆಗದಿದ್ದರೆ, ಪಿಕಪ್ ಇಲ್ಲದಿದ್ದರೆ

ಕೀ ತಿರುಗಿಸಿದಾಗ ಟಕಟಕ ಸದ್ದು ಮಾತ್ರ ಬಂದರೆ ಮೊದಲು ಬ್ಯಾಟರಿ ಟರ್ಮಿನಲ್ ಹಿಡಿದು ತಿರುಗಿಸಿ ನೋಡಿ. ಕೈಗೇ ಅಲುಗಿದರೆ ಅದೇ ತೊಂದರೆ. ಮಣ್ಣಿನ ಟ್ರ್ಯಾಕಿನ ಕುಲುಕಿಗೆ ಇದು ಸಡಿಲುವುದು ತೀರ ಸಾಮಾನ್ಯ. ಮಲ್ಟಿಮೀಟರಿನಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಬೆಲ್ಟು ನೋಡಿ.

ಎಂಜಿನ್ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ ಎಂದಾದರೆ ಇಗ್ನಿಷನ್ ಆನ್ ಮಾಡಿ ಹಿಂದಿನ ಸೀಟಿನ ಬಳಿ ಕಿವಿಗೊಡಿ. ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್ ಎನ್ನಬೇಕು. ಎನ್ನದಿದ್ದರೆ ಫ್ಯೂಸ್ ಮತ್ತು ರಿಲೇ, ಆಮೇಲೆ ಪಂಪಿನ ವೈರು.

ಎಂಜಿನ್ ದೀಪ ಹತ್ತಿ ಕಾರು ಸೊರಗಿದಂತೆ ಓಡುತ್ತಿದ್ದರೆ ಅದು ‘ಲಿಂಪ್ ಮೋಡ್’ ಇರಬಹುದು. ಅಂದರೆ ಎಂಜಿನ್ನಿನ ಕಂಪ್ಯೂಟರ್ ಅಪಾಯ ಕಂಡು ತಾನೇ ಶಕ್ತಿ ಕಡಿಮೆ ಮಾಡಿಕೊಂಡಿರುತ್ತದೆ. ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿದರೆ ತೊಂದರೆಯ ಕೋಡ್ ಮೊಬೈಲಿನಲ್ಲಿ ಕಾಣುತ್ತದೆ. ಪಿ 0301ರಿಂದ ಪಿ 0304ರವರೆಗೆ ಯಾವುದಾದರೂ ಬಂದರೆ ಕೊನೆಯ ಅಂಕಿ ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂಬುದನ್ನು ಹೇಳುತ್ತದೆ. ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ಕೋಡೂ ಜಾಗ ಬದಲಿಸಿದರೆ ಕಾಯಿಲ್ ಕೆಟ್ಟಿದೆ, ಬದಲಿಸದಿದ್ದರೆ ಪ್ಲಗ್ ನೋಡಿ. ಕೋಡನ್ನು ಬರೆದುಕೊಳ್ಳದೆ ಅಳಿಸಬೇಡಿ.

ಕೋಡ್ ಏನೂ ಇಲ್ಲದೆ ಪಿಕಪ್ ಇಲ್ಲದಿದ್ದರೆ ಏರ್ ಫಿಲ್ಟರ್ ಬದಲಿಸಿ. ತಟ್ಟಿ ತಟ್ಟಿ ಮತ್ತೆ ಹಾಕುವುದು ಬೇಡ. ಅದಿರಿನ ಧೂಳು ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗರು ಒಡವೆ ಉಜ್ಜಿ ಮೆರುಗು ಕೊಡುವ ಕೆಂಪು ಪುಡಿಯೂ ಅದೇ ವಸ್ತು. ಅದು ಸಿಲಿಂಡರಿನ ಒಳಗೆ ಇಳಿದರೆ ಅಲ್ಲೂ ಉಜ್ಜುತ್ತಲೇ ಇರುತ್ತದೆ.

6. ಚಕ್ರ ಮತ್ತು ಸ್ಟೇರಿಂಗ್

ಪ್ರತಿ ಹೀಟ್ ಆದ ಮೇಲೂ, ತೊಂದರೆ ಇರಲಿ ಇಲ್ಲದಿರಲಿ, ಇದನ್ನು ಮಾಡಿ. ಚಕ್ರವನ್ನು ಎತ್ತಿ ಮೇಲೊಂದು ಕೆಳಗೊಂದು ಕೈ ಇಟ್ಟು ಅಲುಗಿಸಿ. ಆಡಿದರೆ ಬೇರಿಂಗು ಅಥವಾ ಬಾಲ್ ಜಾಯಿಂಟು ಸವೆದಿದೆ. ಮುಂದಿನ ಚಕ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟು ಅಲುಗಿಸಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ (ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿ) ಕಡೆ ನೋಡಿ. ಯಾವುದೇ ಆದರೂ ಹೊಸ ಭಾಗ ಇಲ್ಲದೆ ಮುಂದಿನ ಹೀಟ್ ಇಲ್ಲ. ಬೈಂಡಿಂಗ್ ವೈರ್ ಸುತ್ತಿ ಓಡಿಸಿದವರನ್ನು ಕಂಡಿದ್ದೇನೆ, ಅದನ್ನು ಧೈರ್ಯ ಎಂದು ನಾನು ಕರೆಯಲಾರೆ.

ಇಲ್ಲಿ ಬೋಲ್ಟು ತುಂಡಾದರೆ ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟು ಹಾಕಬೇಡಿ. ತಲೆಯ ಮೇಲೆ 8.8 ಅಥವಾ 10.9 ಎಂದು ಕೊರೆದಿರುತ್ತದೆ, ಅದು ಬಲದ ದರ್ಜೆ. ಹಳೆಯದರ ಮೇಲೆ ಇದ್ದ ಅಂಕಿಯೇ ಹೊಸದರ ಮೇಲೂ ಇರಬೇಕು.

7. ಕೊನೆಯ ಹದಿನೈದು ನಿಮಿಷ

ಸಲಕರಣೆಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿ. ಹದಿಮೂರರ ಪಾನಾ ಕಾಣದಿದ್ದರೆ ಅದು ಬಾನೆಟ್ ಒಳಗೇ ಇದೆ ಎಂದು ತಿಳಿದು ಹುಡುಕಿ. ಕಾರನ್ನು ಕೆಳಗಿಳಿಸಿ, ಚಕ್ರದ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಎಷ್ಟು ಬಿಗಿ ಎಂಬುದು ಮ್ಯಾನುಯಲ್‌ನಲ್ಲಿದೆ. ಬಿಗಿದವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರಾಗಿರಲಿ. ಬ್ರೇಕ್, ಸ್ಟೇರಿಂಗ್ ಮುಟ್ಟಿದ್ದರೆ ಸ್ಕ್ರೂಟಿನಿಯವರಿಗೆ, ಅಂದರೆ ಕಾರಿನ ಸುರಕ್ಷತೆ ಪರೀಕ್ಷಿಸುವ ಅಧಿಕಾರಿಗಳಿಗೆ, ನೀವಾಗಿಯೇ ತಿಳಿಸಿ.

ರಿಪೇರಿ ಸರಿಯಾಯಿತೇ ನೋಡೋಣ ಎಂದು ಹೆದ್ದಾರಿಗೆ ಇಳಿಯಬೇಡಿ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಅದಿರು ಲಾರಿ, ಕಬ್ಬಿನ ಟ್ರ್ಯಾಕ್ಟರ್, ಸೈಕಲ್ಲಿನಲ್ಲಿ ಮನೆಗೆ ಹೊರಟ ಮಕ್ಕಳು ಓಡಾಡುವ ದಾರಿ ಅದು. ಪ್ಯಾಡಕ್‌ನಲ್ಲೇ ನಡಿಗೆಯ ವೇಗದಲ್ಲಿ ಮೂರು ಸಲ ಬ್ರೇಕ್ ಹಾಕಿ ನೋಡಿ, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ತಿರುಗಿಸುವಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟು ಸವೆದಿದೆ.

8. ಮನೆಗೆ ಹೊರಡುವಾಗ

ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಆದ ಹಾನಿ ನಿಮ್ಮ ಜೇಬಿನದೇ. ಕಾರು ಒಯ್ಯುವ ಲಾರಿಯವರ ಫೋನ್ ನಂಬರ್ ಮತ್ತು ದರ ಶುಕ್ರವಾರವೇ ಕೇಳಿಟ್ಟುಕೊಳ್ಳಿ. ಭಾನುವಾರ ಸಂಜೆ ಕೇಳಿದರೆ ಅವರು ಹೇಳಿದ್ದೇ ದರ.

ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪ್ರತಿ ತಾತ್ಕಾಲಿಕ ರಿಪೇರಿಗೂ ಒಂದು ಬಿಳಿ ಟೇಪಿನ ತುಂಡು. ಅದರ ಮೇಲೆ ಪೆನ್ನಿನಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸುತ್ತೇನೆ: ‘ಹಾರ್ನ್ ರಿಲೇ ಫ್ಯಾನಿನಲ್ಲಿದೆ’, ‘ಕೆಳ ಹೋಸ್, ಟ್ರ್ಯಾಕ್ಟರ್ ಕ್ಲಿಪ್ಪು’, ‘3ನೇ ಕಾಯಿಲ್ ಹಳೆಯದು’. ಓಡಿಸುವವರಿಗೂ ಅದು ಕಣ್ಣೆದುರೇ ಇರುತ್ತದೆ, ಸೋಮವಾರ ಗ್ಯಾರೇಜಿನವರಿಗೂ ಬಾಯಿಮಾತಿನ ಪಟ್ಟಿ ಬೇಕಾಗುವುದಿಲ್ಲ. ಆ ಕೆಲಸ ಸರಿಯಾದ ಬಿಡಿಭಾಗದಿಂದ ಮುಗಿದ ಮೇಲೆಯೇ ಟೇಪು ಕೀಳಬೇಕು. ಡ್ಯಾಶ್‌ಬೋರ್ಡಿನಲ್ಲಿ ಒಂದು ಟೇಪು ಉಳಿದಿದ್ದರೂ ಮುಂದಿನ ಸ್ಪರ್ಧೆಗೆ ಹೆಸರು ಕೊಡಬೇಡಿ.